ಬೇರೆ ಡೊಮೇನ್‌ನ ಕ್ಯಾಲೆಂಡರ್ ನಮ್ಮ ವೆಬ್ ಪುಟದಲ್ಲಿ ಕಾಣದಿದ್ದಾಗ: ಪದೇ ಪದೇ ಕೇಳುವ ಪ್ರಶ್ನೆಗಳು

ಯಕ್ಷಗಾನ ಮೇಳವೊಂದರ ತಿರುಗಾಟದ ಪಟ್ಟಿಯನ್ನು ವೆಬ್ ಪುಟದಲ್ಲಿ ತೋರಿಸುವ ಕೆಲಸ ಕೆಲವು ವರ್ಷಗಳಿಂದ ನನ್ನ ಪಾಲಿಗಿದೆ. ಮೇಳದ ಮ್ಯಾನೇಜರು ತಮ್ಮ ಮೊಬೈಲಿನ ಗೂಗಲ್ ಕ್ಯಾಲೆಂಡರಿನಲ್ಲಿ ದಿನ, ಊರು, ಪ್ರಸಂಗ, ಆಟ (ಪ್ರದರ್ಶನ) ಆಡಿಸುವ ಸೇವಾಕರ್ತರ ಹೆಸರು ತುಂಬಿಸುತ್ತಾರೆ. ಅದು ತಾನಾಗಿಯೇ ಪುಟದಲ್ಲಿ ಮೂಡಬೇಕು. ಯಾರೂ ಎರಡೆರಡು ಕಡೆ ಟೈಪ್ ಮಾಡುವಂತಾಗಬಾರದು. ಕೇಳಲು ಸುಲಭ, ಆದರೆ ಮೊದಲ ದಿನವೇ ಬ್ರೌಸರಿನ ಕನ್ಸೋಲಿನಲ್ಲಿ (ತಪ್ಪುಗಳನ್ನು ತೋರಿಸುವ ಕಿಟಕಿಯಲ್ಲಿ) ಕೆಂಪು ಸಾಲು ಬಂತು. ಆಮೇಲೆ ದೇವಸ್ಥಾನ, ಗ್ರಂಥಾಲಯ, ಶಾಲೆ, ಹೊರದೇಶದ ಕನ್ನಡ ಸಂಘ ಹೀಗೆ ಬೇರೆ ಬೇರೆ ಕಡೆ ಇದೇ ಕೆಲಸಕ್ಕೆ ಕೈ ಹಾಕಿದವರು ಕೇಳಿದ ಪ್ರಶ್ನೆಗಳನ್ನೆಲ್ಲ ಇಲ್ಲಿ ಒಟ್ಟುಹಾಕಿದ್ದೇನೆ. ಜಾವಾಸ್ಕ್ರಿಪ್ಟ್ ಅಲ್ಪಸ್ವಲ್ಪ ಗೊತ್ತಿದ್ದರೆ ಸಾಕು.

ಕ್ಯಾಲೆಂಡರಿನ ಐಸಿಎಸ್ (ಕ್ಯಾಲೆಂಡರ್ ಹಂಚಲು ಬಳಸುವ ಫೈಲಿನ ಬಗೆ) ವಿಳಾಸವನ್ನು ಬ್ರೌಸರಿನಲ್ಲಿ ಹಾಕಿದರೆ ಫೈಲ್ ಡೌನ್‌ಲೋಡ್ ಆಗುತ್ತದೆ. ಅದೇ ವಿಳಾಸವನ್ನು ನನ್ನ ಪುಟದ ಸ್ಕ್ರಿಪ್ಟಿನಿಂದ ಫೆಚ್ ಮಾಡಿದರೆ ಕೋರ್ಸ್ ಎರರ್. ಯಾಕೆ?

ವಿಳಾಸ ಒಂದೇ ಆದರೂ ಕೇಳುತ್ತಿರುವವರು ಬೇರೆ. ಮೊದಲ ಸಲ ಕೇಳಿದ್ದು ನೀವು, ಎರಡನೇ ಸಲ ಕೇಳಿದ್ದು ಬೇರೊಂದು ತಾಣದ ಸ್ಕ್ರಿಪ್ಟು.

ಬ್ರೌಸರ್ ಪ್ರತಿ ಪುಟಕ್ಕೂ ಒಂದು ಮೂಲವನ್ನು ಗುರುತಿಸಿಕೊಳ್ಳುತ್ತದೆ. ಪ್ರೋಟೋಕಾಲ್, ಹೋಸ್ಟ್ ಹೆಸರು, ಪೋರ್ಟ್, ಈ ಮೂರೂ ಸೇರಿ ಒಂದು ಒರಿಜಿನ್. ಮೂರರಲ್ಲಿ ಒಂದು ಬದಲಾದರೂ ಅದು ಬೇರೆ ಒರಿಜಿನ್. ಹೆಸರಿನ ಮುಂದೆ ಡಬ್ಲ್ಯುಡಬ್ಲ್ಯುಡಬ್ಲ್ಯು ಇದ್ದರೆ ಒಂದು, ಇಲ್ಲದಿದ್ದರೆ ಇನ್ನೊಂದು. ಒಂದು ಒರಿಜಿನ್‌ನ ಸ್ಕ್ರಿಪ್ಟು ಇನ್ನೊಂದರ ಮಾಹಿತಿಯನ್ನು ಓದಬಾರದು ಎಂಬ ಕಟ್ಟಳೆ ನೆಟ್‌ಸ್ಕೇಪ್ ನ್ಯಾವಿಗೇಟರ್ 2ರ ಕಾಲದಿಂದಲೂ ಇದೆ. ಅದಿಲ್ಲದಿದ್ದರೆ ನೀವು ಜಿಮೇಲಿಗೆ ಲಾಗಿನ್ ಆಗಿರುವಾಗ ಇನ್ನೊಂದು ಟ್ಯಾಬಿನಲ್ಲಿ ತೆರೆದ ಯಾವುದೋ ಪುಟ ನಿಮ್ಮ ಅಂಚೆಯನ್ನೆಲ್ಲ ಓದಿಬಿಡುತ್ತಿತ್ತು. ಈ ತಡೆ ನಿಮ್ಮ ಮೇಲಿನ ಅನುಮಾನಕ್ಕಲ್ಲ, ನಿಮ್ಮ ಪುಟ ನೋಡಲು ಬಂದವರ ರಕ್ಷಣೆಗೆ ಹಾಕಿದ್ದು. ಇದೊಂದು ಮನಸ್ಸಿಗೆ ಬಂದರೆ ಮುಂದಿನದೆಲ್ಲ ಸುಲಭ.

ಕಟ್ಟಳೆಗೆ ವಿನಾಯಿತಿ ಕೊಡುವ ಕ್ರಮಕ್ಕೆ ಕ್ರಾಸ್ ಒರಿಜಿನ್ ರಿಸೋರ್ಸ್ ಶೇರಿಂಗ್ ಎಂದು ಹೆಸರು, ಎಲ್ಲರೂ ಕೋರ್ಸ್ ಅನ್ನುತ್ತಾರೆ. ಮಾಹಿತಿ ಇಟ್ಟುಕೊಂಡ ಸರ್ವರ್ ತನ್ನ ಉತ್ತರದ ಜೊತೆ ಆಕ್ಸೆಸ್-ಕಂಟ್ರೋಲ್-ಅಲೋ-ಒರಿಜಿನ್ ಎಂಬ ಹೆಡರ್ ಕಳಿಸಿ ಇಂಥ ತಾಣ ಓದಬಹುದು ಎಂದು ಹೇಳಬೇಕು. ನಕ್ಷತ್ರ ಚಿಹ್ನೆ ಹಾಕಿದ್ದರೆ ಯಾರು ಬೇಕಾದರೂ ಓದಬಹುದು ಎಂದರ್ಥ. ಗೂಗಲ್ ಕ್ಯಾಲೆಂಡರಿನ ಸಾರ್ವಜನಿಕ ಐಸಿಎಸ್ ಫೈಲು ಈ ಹೆಡರ್ ಕಳಿಸುವುದಿಲ್ಲ. ಕ್ಯಾಲೆಂಡರ್ ಸಾರ್ವಜನಿಕವಾಗಿದ್ದ ಮಾತ್ರಕ್ಕೆ ಕೋರ್ಸ್ ಅನುಮತಿ ಸಿಕ್ಕಿತು ಅಂತಲ್ಲ, ಅವೆರಡೂ ಬೇರೆ ಬೇರೆ.

ಪೋಸ್ಟ್‌ಮನ್, ಕರ್ಲ್‌ನಂಥ, ಬ್ರೌಸರ್ ಇಲ್ಲದೆ ಕೋರಿಕೆ ಕಳಿಸುವ ಸಾಧನಗಳಲ್ಲಿ ಸರಿಯಾಗಿ ಬರುತ್ತದಲ್ಲ?

ಬರುತ್ತದೆ. ಈ ಕಟ್ಟಳೆಯನ್ನು ನಡೆಸುವುದು ಬ್ರೌಸರ್ ಮಾತ್ರ. ಸರ್ವರಿನಿಂದ ಸರ್ವರಿಗೆ ಹೋಗುವ ಕೋರಿಕೆಗೆ ಇದು ಅನ್ವಯಿಸುವುದಿಲ್ಲ. ಕೆಳಗೆ ಹೇಳುವ ಪರಿಹಾರಗಳಲ್ಲಿ ಅರ್ಧದಷ್ಟು ಇದೇ ಮಾತಿನ ಮೇಲೆ ನಿಂತಿವೆ.

ಆ ಹೆಡರನ್ನು ನನ್ನ ಫೆಚ್ ಕೋರಿಕೆಯಲ್ಲೇ ಸೇರಿಸಿದೆ. ಆದರೂ ಆಗಲಿಲ್ಲ.

ಆಗುವುದಿಲ್ಲ. ಅದು ಉತ್ತರದಲ್ಲಿ ಬರಬೇಕಾದ ಹೆಡರು. ಮನೆಗೆ ಬಂದ ನೆಂಟ "ನನ್ನನ್ನು ಒಳಗೆ ಬಿಡಿ" ಎಂಬ ಚೀಟಿಯನ್ನು ತಾನೇ ಬರೆದುಕೊಂಡು ಬಂದಂತೆ ಅದು. ಚೀಟಿ ಮನೆಯವರು ಬರೆದದ್ದಾಗಿರಬೇಕು. ಕೋರಿಕೆಗೆ ಅದನ್ನು ಸೇರಿಸಿದರೆ ಇದ್ದ ತೊಂದರೆ ಇಮ್ಮಡಿಯಾಗುತ್ತದೆ. ಮಾಮೂಲಿಯಲ್ಲದ ಹೆಡರ್ ಕಂಡ ಕೂಡಲೇ ಬ್ರೌಸರ್ ಆಪ್ಶನ್ಸ್ ಎಂಬ ಬಗೆಯ ಇನ್ನೊಂದು ಕೋರಿಕೆಯನ್ನು ಮುಂಚಿತವಾಗಿ ಕಳಿಸಿ ಒಪ್ಪಿಗೆ ಕೇಳುತ್ತದೆ. ಇದೇ ಪ್ರೀಫ್ಲೈಟ್. ಸಾದಾ ಗೆಟ್ ಕೋರಿಕೆಗೆ ಸರಿಯಾಗಿ ಉತ್ತರಿಸುತ್ತಿದ್ದ ಸರ್ವರ್ ಕೂಡ ಪ್ರೀಫ್ಲೈಟ್‌ನಲ್ಲಿ ಮುಗ್ಗರಿಸಬಹುದು. ಕ್ಯಾಲೆಂಡರ್ ಓದುವ ಕೋರಿಕೆಗೆ ಯಾವ ಹೆಚ್ಚುವರಿ ಹೆಡರೂ ಬೇಡ, ಕಂಟೆಂಟ್-ಟೈಪ್ ಕೂಡ ಬೇಡ.

ಫೆಚ್‌ನ ಆಯ್ಕೆಗಳಲ್ಲಿ ಮೋಡ್ ಎಂಬಲ್ಲಿ ನೋ-ಕೋರ್ಸ್ ಎಂದು ಹಾಕಿದ ಮೇಲೆ ಎರರ್ ಹೋಯಿತು, ಆದರೆ ಉತ್ತರ ಖಾಲಿ.

ಎರರ್ ಹೋಗಿದೆ, ಮಾಹಿತಿಯೂ ಜೊತೆಗೇ ಹೋಗಿದೆ. "ನಾನು ಉತ್ತರ ಓದುವುದಿಲ್ಲ" ಎಂದು ನೀವೇ ಬ್ರೌಸರಿಗೆ ಬರೆದುಕೊಟ್ಟಂತಾಯಿತು. ಸ್ಟೇಟಸ್ 0 ಎಂದು ತೋರಿಸುತ್ತದೆ. ಆ ಸಾಲನ್ನು ತೆಗೆದುಹಾಕಿ.

ಕನ್ಸೋಲಿನಲ್ಲಿ ಕೋರ್ಸ್ ಎಂದು ಬರೆದಿದ್ದರೆ ತೊಂದರೆ ಕೋರ್ಸಿನದ್ದೇ ತಾನೇ?

ನನ್ನ ಅನುಭವದಲ್ಲಿ ಅರ್ಧಕ್ಕರ್ಧ ಸಲ ಅಲ್ಲ. ಕೆಂಪು ಸಾಲು ಓದಿದ ಕೂಡಲೇ ಕೋಡ್ ತಿದ್ದಲು ಕೂರಬೇಡಿ. ಡೆವಲಪರ್ ಟೂಲ್ಸ್‌ನ ನೆಟ್‌ವರ್ಕ್ ಟ್ಯಾಬ್ ತೆರೆದು ಪುಟವನ್ನು ರಿಫ್ರೆಶ್ ಮಾಡಿ, ಆ ಕೋರಿಕೆಯ ಮೇಲೆ ಒತ್ತಿ, ಸ್ಟೇಟಸ್ ಸಂಖ್ಯೆ ಏನಿದೆ ನೋಡಿ.

302 ಬಂದು ಕೋರಿಕೆ ಲಾಗಿನ್ ಪುಟಕ್ಕೆ ತಿರುಗಿದ್ದರೆ, ಆ ಕ್ಯಾಲೆಂಡರ್ ಸಾರ್ವಜನಿಕ ಅಲ್ಲ. ಲಾಗಿನ್ ಪುಟಕ್ಕೆ ಕೋರ್ಸ್ ಹೆಡರ್ ಇರುವುದಿಲ್ಲವಾದ್ದರಿಂದ ಬ್ರೌಸರ್ ಅದನ್ನೇ ದೂರುತ್ತದೆ. 404 ಅಥವಾ 500 ಬಂದಿದ್ದರೂ ಹಾಗೆಯೇ. ಎಷ್ಟೋ ಸರ್ವರ್‌ಗಳು ಸರಿ ಉತ್ತರಕ್ಕೆ ಮಾತ್ರ ಹೆಡರ್ ಹಾಕುತ್ತವೆ, ತಪ್ಪಿನ ಪುಟಕ್ಕೆ ಹಾಕುವುದಿಲ್ಲ. ನಿಜವಾದ ರೋಗ ವಿಳಾಸದ್ದು, ಮೈಮೇಲೆ ಕಾಣುವುದು ಕೋರ್ಸ್.

ಕೋರಿಕೆ ಹೊರಗೆ ಹೋಗಿಯೇ ಇಲ್ಲದಿದ್ದರೆ ಮೂರು ಕಡೆ ನೋಡಿ. ವಿಳಾಸ ವೆಬ್‌ಕ್ಯಾಲ್ ಎಂದು ಶುರುವಾಗಿದೆಯೇ? ಐಕ್ಲೌಡ್ ಹಂಚುವ ಕ್ಯಾಲೆಂಡರುಗಳಲ್ಲಿ ಹಾಗಿರುತ್ತದೆ. ಫೆಚ್‌ಗೆ ಆ ಪ್ರೋಟೋಕಾಲ್ ತಿಳಿಯದು, ಎಚ್‌ಟಿಟಿಪಿಎಸ್ ಎಂದು ಬದಲಿಸಬೇಕು. ನಿಮ್ಮ ಪುಟ ಎಚ್‌ಟಿಟಿಪಿಎಸ್ ಆಗಿದ್ದು ಕ್ಯಾಲೆಂಡರ್ ವಿಳಾಸ ಬರೀ ಎಚ್‌ಟಿಟಿಪಿ ಆಗಿದೆಯೇ? ಅದನ್ನು ಬ್ರೌಸರ್ ಮಿಕ್ಸೆಡ್ ಕಂಟೆಂಟ್ ಎಂದು ತಡೆಯುತ್ತದೆ. ನಿಮ್ಮದೇ ತಾಣದಲ್ಲಿ ಕಂಟೆಂಟ್ ಸೆಕ್ಯುರಿಟಿ ಪಾಲಿಸಿ (ಪುಟ ಯಾವ ಡೊಮೇನುಗಳಿಂದ ತರಿಸಬಹುದು ಎಂಬ ನಿಯಮ) ಇದ್ದು, ಅದರ ಕನೆಕ್ಟ್-ಎಸ್‌ಆರ್‌ಸಿ ಪಟ್ಟಿಯಲ್ಲಿ ಕ್ಯಾಲೆಂಡರಿನ ಡೊಮೇನ್ ಬಿಟ್ಟುಹೋಗಿದೆಯೇ? ಈ ಕೊನೆಯದನ್ನು ಹುಡುಕುವುದರಲ್ಲಿ ನಾನೊಮ್ಮೆ ಒಂದಿಡೀ ಮಧ್ಯಾಹ್ನ ಕಳೆದಿದ್ದೇನೆ. ಹೋಸ್ಟಿಂಗ್‌ನ ಸೆಟ್ಟಿಂಗ್‌ನಲ್ಲಿ ಯಾರೋ ಒಳ್ಳೆಯ ಉದ್ದೇಶದಿಂದಲೇ ಆ ಪಾಲಿಸಿ ಹಾಕಿದ್ದರು.

ಎಚ್‌ಟಿಎಂಎಲ್ ಫೈಲನ್ನು ಡೆಸ್ಕ್‌ಟಾಪಿನಲ್ಲಿ ಡಬಲ್ ಕ್ಲಿಕ್ ಮಾಡಿ ತೆರೆದು ಪರೀಕ್ಷಿಸುತ್ತಿದ್ದರೆ ಒರಿಜಿನ್ ನಲ್ ಎಂದು ಹೋಗುತ್ತದೆ. ನಿಮ್ಮ ಯಂತ್ರದಲ್ಲೇ ಒಂದು ಸಣ್ಣ ಲೋಕಲ್‌ಹೋಸ್ಟ್ ಸರ್ವರ್ ಓಡಿಸಿ, ಅದರ ಮೂಲಕ ಪುಟ ತೆರೆಯಿರಿ.

ಗೂಗಲ್ ಕ್ಯಾಲೆಂಡರಿಗೆ ಸರಿಯಾದ ದಾರಿ ಯಾವುದು?

ಐಸಿಎಸ್ ಬಿಟ್ಟು ಕ್ಯಾಲೆಂಡರ್ ಎಪಿಐ (ಪ್ರೋಗ್ರಾಮುಗಳು ಮಾಹಿತಿ ಕೇಳಲು ಗೂಗಲ್ ತೆರೆದಿಟ್ಟ ದಾರಿ) 3ನೇ ಆವೃತ್ತಿಗೆ ಹೋಗಿ. ಅದನ್ನು ಬೇರೆ ತಾಣಗಳ ಸ್ಕ್ರಿಪ್ಟುಗಳೂ ಓದಬಹುದಾದಂತೆ ಕಟ್ಟಿದ್ದಾರೆ, ಬೇಕಾದ ಹೆಡರ್ ತಾನಾಗಿ ಬರುತ್ತದೆ, ಉತ್ತರ ಜೇಸನ್ ರೂಪದಲ್ಲಿರುತ್ತದೆ. ಗೂಗಲ್ ಕ್ಲೌಡ್ ಕನ್ಸೋಲಿನಲ್ಲಿ ಒಂದು ಪ್ರಾಜೆಕ್ಟ್ ಮಾಡಿ, ಅದರಲ್ಲಿ ಕ್ಯಾಲೆಂಡರ್ ಎಪಿಐ ಸಕ್ರಿಯಗೊಳಿಸಿ, ಒಂದು ಎಪಿಐ ಕೀ ಪಡೆಯಿರಿ. ಕ್ಯಾಲೆಂಡರಿನ ಸೆಟ್ಟಿಂಗ್‌ನಲ್ಲಿ ಅದನ್ನು ಸಾರ್ವಜನಿಕ ಮಾಡಿ, ಕೆಳಗೆ ಇಂಟಿಗ್ರೇಟ್ ಎಂಬ ಭಾಗದಲ್ಲಿರುವ ಕ್ಯಾಲೆಂಡರ್ ಐಡಿ ನಕಲಿಸಿಕೊಳ್ಳಿ. ಇವೆರಡೂ ಕೈಯಲ್ಲಿದ್ದರೆ ಈವೆಂಟುಗಳ ಪಟ್ಟಿ ಕೇಳಬಹುದು. ಫುಲ್‌ಕ್ಯಾಲೆಂಡರ್ ಎಂಬ ಲೈಬ್ರರಿ ಬಳಸುವವರಿಗಂತೂ ಅದರ ಗೂಗಲ್ ಕ್ಯಾಲೆಂಡರ್ ಪ್ಲಗಿನ್‌ಗೆ ಇವೆರಡನ್ನು ಕೊಟ್ಟರೆ ಮುಗಿಯಿತು.

ಹಳೆಯ ಪುಟವೊಂದರಲ್ಲಿ ಸ್ಕ್ರಿಪ್ಟ್ ಟ್ಯಾಗ್ ಮೂಲಕ ಕ್ಯಾಲೆಂಡರ್ ತರಿಸುವ ಕೋಡ್ ಇದೆ. ಮೊದಲು ನಡೆಯುತ್ತಿತ್ತಂತೆ. ಈಗ ಯಾಕಿಲ್ಲ?

ಅದು ಜೇಸನ್‌ಪಿ. ಬೇರೆ ಡೊಮೇನಿನ ಮಾಹಿತಿಯನ್ನು ಫೆಚ್ ಮಾಡಲು ತಡೆಯಿದ್ದರೂ ಬೇರೆ ಡೊಮೇನಿನ ಸ್ಕ್ರಿಪ್ಟ್ ಓಡಿಸಲು ತಡೆಯಿಲ್ಲ. ಆ ಸಂದಿಯನ್ನು ಬಳಸಿಕೊಂಡು, ಮಾಹಿತಿಯನ್ನು ಒಂದು ಫಂಕ್ಷನ್ ಕರೆಯೊಳಗೆ ಸುತ್ತಿ ಕಳಿಸುವ ಈ ಉಪಾಯ 2005ರಲ್ಲಿ ಬಂತು. ಗೂಗಲ್ ಕ್ಯಾಲೆಂಡರ್ 2006ರಲ್ಲಿ ಶುರುವಾಯಿತು. ಅದರ ಹಳೆಯ ಜಿಡೇಟಾ ಫೀಡುಗಳು ಈ ರೀತಿಯಲ್ಲೂ ಮಾಹಿತಿ ಕೊಡುತ್ತಿದ್ದವು. 2011ರಲ್ಲಿ ಎಪಿಐನ 3ನೇ ಆವೃತ್ತಿ ಬಂದು, 2014ರ ನವೆಂಬರಿನಲ್ಲಿ ಹಳೆಯವನ್ನು ಮುಚ್ಚಿದರು. ಕೋರ್ಸ್ ಅದೇ 2014ರಲ್ಲಿ, ವೆಬ್ ಮಾನದಂಡ ರೂಪಿಸುವ ಡಬ್ಲ್ಯು3ಸಿಯ ಅಧಿಕೃತ ಶಿಫಾರಸಾಯಿತು. ವಿಳಾಸದಲ್ಲಿ ಫೀಡ್ಸ್ ಎಂಬ ಪದವೂ ಜೇಸನ್-ಇನ್-ಸ್ಕ್ರಿಪ್ಟ್ ಎಂಬ ಪದವೂ ಕಂಡರೆ ರಿಪೇರಿಗೆ ಹೋಗಬೇಡಿ, ಹೊಸದಾಗಿ ಬರೆಯಿರಿ. ಜೇಸನ್‌ಪಿ ಹೋದದ್ದಕ್ಕೆ ನನಗೆ ಬೇಸರವಿಲ್ಲ. ಎದುರಿನ ಸರ್ವರ್ ಏನು ಕಳಿಸಿದರೂ ಅದನ್ನು ನಿಮ್ಮ ಪುಟದೊಳಗೆ ಕೋಡ್ ಆಗಿಯೇ ಓಡಿಸುವ ಪದ್ಧತಿ ಅದು.

ಕೀ ಸರಿ ಇದೆ, ಆದರೂ 404.

ಸಾಮಾನ್ಯವಾಗಿ ಎರಡೇ ಕಾರಣ. ಒಂದು, ಕ್ಯಾಲೆಂಡರ್ ಸಾರ್ವಜನಿಕವಾಗಿಲ್ಲ. ಅಂಥದ್ದೊಂದು ಇದೆ ಎಂಬುದನ್ನೂ ಹೊರಗಿನವರಿಗೆ ತಿಳಿಸಬಾರದೆಂದು ಎಪಿಐ 'ಇಲ್ಲ' ಅನ್ನುತ್ತದೆ. ಎರಡು, ಐಡಿಯನ್ನು ಹಾಗೆ ಹಾಗೆಯೇ ವಿಳಾಸದಲ್ಲಿ ಅಂಟಿಸಿದ್ದೀರಿ. ಭಾರತದ ರಜಾದಿನಗಳ ಗೂಗಲ್ ಕ್ಯಾಲೆಂಡರನ್ನೇ ನೋಡಿ. ಅದರ ಐಡಿಯ ನಡುವೆ # ಚಿಹ್ನೆಯಿದೆ. ವಿಳಾಸದಲ್ಲಿ # ಬಂದರೆ ಅಲ್ಲಿಂದ ಮುಂದಿನದನ್ನು ಬ್ರೌಸರ್ ಸರ್ವರಿಗೆ ಕಳಿಸುವುದೇ ಇಲ್ಲ, ಪುಟದೊಳಗಿನ ಗುರುತು ಎಂದುಕೊಳ್ಳುತ್ತದೆ. ಕೀ ಕೂಡ ಆ ಬಾಲದಲ್ಲೇ ಉಳಿದುಹೋಗುತ್ತದೆ. # ಇದ್ದಲ್ಲಿ %23 ಬರಬೇಕು. ಕೈಯಲ್ಲಿ ತಿದ್ದುವ ಬದಲು ಐಡಿಯನ್ನು ಎನ್‌ಕೋಡ್‌ಯುಆರ್‌ಐಕಾಂಪೊನೆಂಟ್ ಫಂಕ್ಷನ್ ಮೂಲಕ ಹಾಯಿಸಿ.

403 ಬಂದರೆ?

ಉತ್ತರದ ಒಳಗೆ ಕಾರಣ ಬರೆದಿರುತ್ತದೆ, ರೆಸ್ಪಾನ್ಸ್ ಟ್ಯಾಬಿನಲ್ಲಿ ಓದಿ. ಆಕ್ಸೆಸ್ ನಾಟ್ ಕಾನ್ಫಿಗರ್ಡ್ ಎಂದಿದ್ದರೆ ಪ್ರಾಜೆಕ್ಟಿನಲ್ಲಿ ಕ್ಯಾಲೆಂಡರ್ ಎಪಿಐ ಸಕ್ರಿಯವಾಗಿಲ್ಲ. ರೇಟ್ ಲಿಮಿಟ್ ಎಂದಿದ್ದರೆ ಬಹಳ ಬೇಗ ಬೇಗ ಕೇಳುತ್ತಿದ್ದೀರಿ.

ರೆಫರರ್ ಬ್ಲಾಕ್ ಆಗಿದೆ ಎಂದಿದ್ದರೆ ಸ್ವಲ್ಪ ನಿಧಾನವಾಗಿ ನೋಡಬೇಕು. ಕೀಯನ್ನು ನಿಮ್ಮ ತಾಣಕ್ಕೆ ಮಾತ್ರ ಸೀಮಿತ ಮಾಡಿದಾಗ ಗೂಗಲ್ ಪ್ರತಿ ಕೋರಿಕೆಯ ರೆಫರರ್, ಅಂದರೆ ಅದು ಯಾವ ಪುಟದಿಂದ ಬಂತು ಎಂಬುದನ್ನು ನೋಡುತ್ತದೆ. ಆದರೆ ಈಗಿನ ಬ್ರೌಸರ್‌ಗಳು ಬೇರೆ ಡೊಮೇನಿಗೆ ಪೂರ್ತಿ ಪುಟದ ವಿಳಾಸ ಕಳಿಸುವುದಿಲ್ಲ, ಒರಿಜಿನ್ ಮಾತ್ರ ಕಳಿಸುತ್ತವೆ. ಕ್ರೋಮ್ 2020ರಿಂದ ಹೀಗೆ ಮಾಡುತ್ತಿದೆ. ನೀವು ಮಿತಿ ಹಾಕುವಾಗ ಡೊಮೇನಿನ ಜೊತೆ ಫೋಲ್ಡರಿನ ಹೆಸರನ್ನೂ ಬರೆದಿದ್ದರೆ ಅದು ಎಂದಿಗೂ ಹೊಂದುವುದಿಲ್ಲ. ಡೊಮೇನ್ ಬರೆದು ಓರೆಗೆರೆ, ನಕ್ಷತ್ರ ಹಾಕಿ ನಿಲ್ಲಿಸಿ. ಡಬ್ಲ್ಯುಡಬ್ಲ್ಯುಡಬ್ಲ್ಯು ಇರುವ ಹೆಸರನ್ನೂ ಇಲ್ಲದ ಹೆಸರನ್ನೂ ಸೇರಿಸಿ. ಪುಟದ ತಲೆಯಲ್ಲಿ ನೋ-ರೆಫರರ್ ಎಂಬ ಮೆಟಾ ಟ್ಯಾಗ್ ಇದ್ದರೆ ರೆಫರರ್ ಖಾಲಿ ಹೋಗುತ್ತದೆ, ಆಗಲೂ ಇದೇ ಎರರ್.

ಪುಟದ ಸೋರ್ಸ್ ನೋಡಿದರೆ ಎಪಿಐ ಕೀ ಎಲ್ಲರಿಗೂ ಕಾಣುತ್ತದೆ. ಅಪಾಯವಲ್ಲವೇ?

ಮೂರು ವಸ್ತುಗಳನ್ನು ಜನ ಒಂದೇ ಎಂದುಕೊಳ್ಳುತ್ತಾರೆ. ಎಪಿಐ ಕೀ ಕಾಣುವುದು ಅನಿವಾರ್ಯ. ಅದನ್ನು ನಿಮ್ಮ ಡೊಮೇನಿಗೂ ಕ್ಯಾಲೆಂಡರ್ ಎಪಿಐಗೂ ಮಾತ್ರ ಸೀಮಿತಗೊಳಿಸಿ. ಅದರಿಂದ ಸಾರ್ವಜನಿಕ ಕ್ಯಾಲೆಂಡರ್ ಓದಬಹುದೇ ಹೊರತು ಏನನ್ನೂ ಬದಲಿಸಲಾಗದು.

ಐಸಿಎಸ್‌ನ ರಹಸ್ಯ ವಿಳಾಸ ಹಾಗಲ್ಲ. ಸೀಕ್ರೆಟ್ ಅಡ್ರೆಸ್ ಎಂದು ಸೆಟ್ಟಿಂಗ್‌ನಲ್ಲಿ ಇರುವುದು ಅದೇ. ವಿಳಾಸವೇ ಪಾಸ್‌ವರ್ಡ್. ಅದು ಸಿಕ್ಕವರು ಲಾಗಿನ್ ಇಲ್ಲದೆ ಖಾಸಗಿ ಕ್ಯಾಲೆಂಡರ್ ಪೂರ್ತಿ ಓದಬಹುದು. ಪರಿಚಿತರೊಬ್ಬರ ಪುಟದ ಸ್ಕ್ರಿಪ್ಟಿನಲ್ಲಿ ಇದು ಬಯಲಾಗಿ ಬಿದ್ದಿದ್ದನ್ನು ನಾನು ಕಂಡೆ. ಅದರಲ್ಲಿ ಕಾರ್ಯಕ್ರಮಗಳ ಜೊತೆ ಮನೆಯ ವೈದ್ಯರ ಭೇಟಿಗಳೂ ಇದ್ದವು. ರಾತ್ರಿಯೇ ಫೋನ್ ಮಾಡಿ ಹೇಳಿದೆ. ಅದೇ ಸೆಟ್ಟಿಂಗ್‌ನಲ್ಲಿ ರೀಸೆಟ್ ಒತ್ತಿದರೆ ಹಳೆಯ ವಿಳಾಸ ಸತ್ತು ಹೊಸದು ಹುಟ್ಟುತ್ತದೆ. ಸಂದೇಹ ಬಂದರೆ ಒತ್ತಿಬಿಡಿ.

ಸರ್ವಿಸ್ ಅಕೌಂಟಿನ (ಮನುಷ್ಯರ ಬದಲು ಪ್ರೋಗ್ರಾಮು ಬಳಸುವ ಗೂಗಲ್ ಖಾತೆಯ) ಜೇಸನ್ ಕೀ ಫೈಲು ಮೂರನೆಯದು. ಅದು ಬ್ರೌಸರಿಗೆ ಹೋಗುವ ಯಾವ ಫೈಲಿನಲ್ಲೂ ಇರಕೂಡದು.

ಈವೆಂಟುಗಳು ಬರುತ್ತವೆ, ಆದರೆ ಎಲ್ಲದರ ಹೆಸರೂ ಬ್ಯುಸಿ.

ಹಂಚಿಕೆಯಲ್ಲಿ ಬಿಡುವು-ಬ್ಯುಸಿ ಮಾತ್ರ ಎಂಬ ಆಯ್ಕೆ ಇದೆ. ಎಲ್ಲ ವಿವರ ಕಾಣುವಂತೆ ಬದಲಿಸಿ. ಕಚೇರಿ ಅಥವಾ ಕಾಲೇಜಿನ ವರ್ಕ್‌ಸ್ಪೇಸ್ ಖಾತೆಯಾದರೆ ಆ ಆಯ್ಕೆ ನಿಮಗೆ ಸಿಗದೇ ಇರಬಹುದು, ಅಲ್ಲಿನ ಅಡ್ಮಿನ್ ಹೊರಗಿನವರಿಗೆ ವಿವರ ಕೊಡುವುದನ್ನು ತಡೆದಿರುತ್ತಾರೆ. ಸಾರ್ವಜನಿಕ ಕಾರ್ಯಕ್ರಮಗಳಿಗೆ ಬೇರೆಯೇ ಒಂದು ಕ್ಯಾಲೆಂಡರ್ ತೆರೆಯುವುದು ಲೇಸು.

ನಮ್ಮ ಕ್ಯಾಲೆಂಡರ್ ಗೂಗಲಿನದ್ದಲ್ಲ. ಐಸಿಎಸ್ ಕೊಂಡಿ ಮಾತ್ರ ಇದೆ, ಕೋರ್ಸ್ ಹೆಡರ್ ಇಲ್ಲ. ಏನು ಮಾಡಲಿ?

ಬ್ರೌಸರಿನಿಂದ ಕೇಳುವುದನ್ನು ಬಿಟ್ಟು, ಸರ್ವರಿನಿಂದ ಕೇಳಿಸಿ. ನನಗೆ ಮೆಚ್ಚಿನ ರೀತಿ ಹೀಗಿದೆ: ಪುಟ ನೋಡುವವರು ಬರುವ ಮೊದಲೇ ಫೈಲನ್ನು ತಂದು ನಮ್ಮದೇ ತಾಣದಲ್ಲಿ ಇಟ್ಟುಬಿಡುವುದು. ಆಗ ಒರಿಜಿನ್ ಒಂದೇ, ಕೋರ್ಸಿನ ಮಾತೇ ಇಲ್ಲ. ಹೋಸ್ಟಿಂಗ್‌ನಲ್ಲಿ ಕ್ರಾನ್ (ಗೊತ್ತಾದ ವೇಳೆಗೆ ತಾನಾಗಿ ಕೆಲಸ ಓಡಿಸುವ ಸೌಲಭ್ಯ) ಇದ್ದರೆ ಗಂಟೆಗೊಮ್ಮೆ ಕರ್ಲ್ ಓಡಿಸಿ. ಗಿಟ್‌ಹಬ್‌ನಲ್ಲಿ ಪುಟ ಇಟ್ಟವರು ಗಿಟ್‌ಹಬ್ ಆಕ್ಷನ್ಸ್‌ನಲ್ಲಿ ವೇಳೆ ಗೊತ್ತುಮಾಡಬಹುದು. ಆ ವೇಳೆಯನ್ನು ಯುಟಿಸಿಯಲ್ಲಿ (ಜಗತ್ತಿನ ಪ್ರಮಾಣ ವೇಳೆಯಲ್ಲಿ) ಬರೆಯಿರಿ, ಅಲ್ಲಿಯ ಮಧ್ಯರಾತ್ರಿ 12 ನಮ್ಮ ಬೆಳಗಿನ 5.30.

ಇಲ್ಲೊಂದು ಕಿವಿಮಾತು. ಸಾರ್ವಜನಿಕ ರೆಪೊಸಿಟರಿಯಲ್ಲಿ 60 ದಿನ ಯಾವ ಚಟುವಟಿಕೆಯೂ ಇಲ್ಲದಿದ್ದರೆ ಗಿಟ್‌ಹಬ್ ಈ ವೇಳಾಪಟ್ಟಿಯನ್ನು ನಿಲ್ಲಿಸಿಬಿಡುತ್ತದೆ. ನಮ್ಮ ಮೇಳಕ್ಕೆ ಇದು ತಾಗಿದ್ದು ಹೀಗೆ: ಮೇ ಕೊನೆಯ ಪತ್ತನಾಜೆಗೆ ಗೆಜ್ಜೆ ಬಿಚ್ಚಿ ತಿರುಗಾಟ ಮುಗಿದ ಮೇಲೆ ಮಳೆಗಾಲವಿಡೀ ಕ್ಯಾಲೆಂಡರಿನಲ್ಲಿ ಹೊಸತೇನೂ ಇಲ್ಲ, ಹೊಸತಿಲ್ಲದ್ದರಿಂದ ರೆಪೊಸಿಟರಿಗೆ ಏನೂ ಸೇರಲಿಲ್ಲ. ದೀಪಾವಳಿಯ ಹೊತ್ತಿಗೆ ತಿರುಗಾಟ ಮತ್ತೆ ಶುರುವಾದಾಗ ಪುಟದಲ್ಲಿ ಹಳೆಯ ಪಟ್ಟಿಯೇ ನಿಂತಿತ್ತು. ಸೇವಾಕರ್ತರೊಬ್ಬರು "ನಮ್ಮ ಆಟ ಪುಟದಲ್ಲಿ ಯಾಕಿಲ್ಲ" ಎಂದು ಕೇಳಿದ ಮೇಲೆಯೇ ಗೊತ್ತಾದದ್ದು. ಈಗ ಪ್ರತಿ ವರ್ಷ ಮೊದಲ ಸೇವೆಯಾಟಕ್ಕೆ ಒಂದು ವಾರ ಮುಂಚೆ ಕೈಯಾರೆ ಓಡಿಸಿ ನೋಡುತ್ತೇನೆ.

ಆಗಾಗ ಬದಲಾಗುವ ಕ್ಯಾಲೆಂಡರಿಗೆ ಸಣ್ಣ ಪ್ರಾಕ್ಸಿ ಬೇಕಾಗುತ್ತದೆ. ಪಿಎಚ್‌ಪಿಯಲ್ಲಿ ಹತ್ತು ಸಾಲು, ಅಥವಾ ಒಂದು ಕ್ಲೌಡ್‌ಫ್ಲೇರ್ ವರ್ಕರ್ (ಆ ಕಂಪನಿಯ ಸರ್ವರಿನಲ್ಲಿ ಓಡುವ ಸಣ್ಣ ಸ್ಕ್ರಿಪ್ಟು). ಅದು ಕ್ಯಾಲೆಂಡರ್ ತಂದು, ಕೋರ್ಸ್ ಹೆಡರ್ ಸೇರಿಸಿ, ಹತ್ತು ಹದಿನೈದು ನಿಮಿಷ ಕ್ಯಾಶ್ ಮಾಡಿ (ನಕಲು ಇಟ್ಟುಕೊಂಡು) ಕೊಡುತ್ತದೆ. ಕ್ಯಾಲೆಂಡರಿನ ವಿಳಾಸವನ್ನು ಪ್ರಾಕ್ಸಿಯ ಒಳಗೇ ಬರೆದಿಡಿ. ಯಾವ ವಿಳಾಸ ಕೊಟ್ಟರೂ ತಂದುಕೊಡುವಂತೆ ಮಾಡಿದರೆ ಊರಿನವರೆಲ್ಲ ಅದನ್ನು ತಮ್ಮ ಕೆಲಸಕ್ಕೆ ಬಳಸಿಕೊಳ್ಳುತ್ತಾರೆ. ಸರ್ವರ್ ಇಲ್ಲದವರಿಗೆ ಗೂಗಲ್ ಆಪ್ಸ್ ಸ್ಕ್ರಿಪ್ಟ್ ಕೂಡ ಆಗುತ್ತದೆ. ವೆಬ್ ಆಪ್ ಆಗಿ ಪ್ರಕಟಿಸುವಾಗ ಯಾರು ಬೇಕಾದರೂ ತೆರೆಯಬಹುದು ಎಂಬ ಆಯ್ಕೆ ಇರಲಿ. ಕೋರಿಕೆ ಸಾದಾ ಗೆಟ್ ಆಗಿರಲಿ, ಪ್ರೀಫ್ಲೈಟ್ ಬಂದರೆ ಆಪ್ಸ್ ಸ್ಕ್ರಿಪ್ಟಿಗೆ ಉತ್ತರಿಸಲು ಬರುವುದಿಲ್ಲ.

ಪುಕ್ಕಟೆ ಕೋರ್ಸ್ ಪ್ರಾಕ್ಸಿಗಳು ಇವೆಯಲ್ಲ? ಬ್ರೌಸರ್ ಎಕ್ಸ್‌ಟೆನ್ಶನ್‌ಗಳೂ ಇವೆ.

ಎಕ್ಸ್‌ಟೆನ್ಶನ್ ನಿಮ್ಮ ಕಂಪ್ಯೂಟರಿನಲ್ಲಿ ಮಾತ್ರ ತಡೆಯನ್ನು ತೆಗೆಯುತ್ತದೆ. ನಿಮಗೆ ಕಾಣುತ್ತದೆ, ಬೇರೆ ಯಾರಿಗೂ ಕಾಣುವುದಿಲ್ಲ. ಪರೀಕ್ಷೆ ಮುಗಿದ ಮೇಲೂ ಅದನ್ನು ಹಾಗೇ ಬಿಟ್ಟರೆ ನಿಮ್ಮ ರಕ್ಷಣೆಯೇ ಹೋಯಿತು. ಪುಕ್ಕಟೆ ಪ್ರಾಕ್ಸಿ ನಡೆಸುವವರು ಯಾರೆಂದು ನಿಮಗೆ ಗೊತ್ತಿಲ್ಲ, ನಿಮ್ಮ ಕೋರಿಕೆಯ ಪ್ರತಿ ಅಕ್ಷರವೂ ಅವರ ಕೈ ಹಾಯುತ್ತದೆ. ಕೋರ್ಸ್ ಎನಿವೇರ್ ಎಂಬ ಹೆಸರಾಂತ ಡೆಮೊ ಸರ್ವರನ್ನು 2021ರ ಜನವರಿ ಕೊನೆಗೆ ಮಿತಿಗೊಳಿಸಿದಾಗ ಅದನ್ನೇ ನೆಚ್ಚಿದ್ದ ಪುಟಗಳು ನಿಂತುಹೋದವು. ರಹಸ್ಯ ವಿಳಾಸವನ್ನಂತೂ ಅಂಥ ಕಡೆ ಒಮ್ಮೆಯೂ ಹಾಯಿಸಬೇಡಿ, ದಯವಿಟ್ಟು.

ಇಷ್ಟೆಲ್ಲ ಯಾಕೆ, ಐಫ್ರೇಮ್ ಹಾಕಿದರೆ ಆಗದೇ?

ಕ್ಯಾಲೆಂಡರ್ ಹೇಗಿದೆಯೋ ಹಾಗೆ ಕಂಡರೆ ಸಾಕು ಎನ್ನುವುದಾದರೆ ಖಂಡಿತ ಆಗುತ್ತದೆ, ಅದೇ ಸುಲಭ. ಸೆಟ್ಟಿಂಗ್‌ನಲ್ಲಿ ಕೊಡುವ ಎಂಬೆಡ್ ವಿಳಾಸವನ್ನೇ ಬಳಸಿ. ನೀವು ದಿನಾ ತೆರೆಯುವ ಕ್ಯಾಲೆಂಡರ್ ಪುಟದ ವಿಳಾಸ ಹಾಕಿದರೆ ಅದು ಫ್ರೇಮಿನೊಳಗೆ ತೆರೆಯಲು ಒಪ್ಪುವುದಿಲ್ಲ. ಆದರೆ ಐಫ್ರೇಮಿನೊಳಗಿನ ಮಾಹಿತಿಯನ್ನು ನಿಮ್ಮ ಸ್ಕ್ರಿಪ್ಟು ಮುಟ್ಟಲಾರದು. "ಇಂದಿನ ಆಟ" ಎಂದು ಒಂದೇ ಸಾಲು ದೊಡ್ಡದಾಗಿ ತೋರಿಸಬೇಕೆಂದರೆ ಮಾಹಿತಿಯೇ ಕೈಗೆ ಬರಬೇಕು.

ಇವತ್ತಿನಿಂದ ಮುಂದಿನ ಈವೆಂಟು ಕೇಳಿದರೆ 400 ಬರುತ್ತದೆ.

ಎಪಿಐ ಕೋರಿಕೆಯಲ್ಲಿ ಎಂದಿನಿಂದ ಬೇಕು ಎಂದು ಹೇಳುವ ಟೈಮ್‌ಮಿನ್‌ನಲ್ಲಿ ವೇಳೆ ಕೊಡುವಾಗ ಕೊನೆಗೆ +05:30 ಎಂದು ಬರೆದಿರುತ್ತೀರಿ, ಭಾರತದವರಾದ ನಮಗೆ ಇದು ಕಟ್ಟಿಟ್ಟದ್ದು. ವಿಳಾಸದ ಪ್ರಶ್ನೆ ಚಿಹ್ನೆಯ ನಂತರದ ಭಾಗದಲ್ಲಿ ಕೂಡುವ ಚಿಹ್ನೆ ಎಂದರೆ ಖಾಲಿ ಜಾಗ ಎಂದು ಸರ್ವರ್ ಓದುತ್ತದೆ. ವೇಳೆ ಕೆಡುತ್ತದೆ. ಯುಆರ್‌ಎಲ್‌ಸರ್ಚ್‌ಪ್ಯಾರಾಮ್ಸ್ ಬಳಸಿ ವಿಳಾಸ ಕಟ್ಟಿದರೆ ತಾನಾಗಿ ಸರಿಹೋಗುತ್ತದೆ. ಟೈಮ್‌ಜೋನ್ ಬರೆಯದೇ ಬಿಟ್ಟರೂ 400 ಬರುತ್ತದೆ.

ನಿನ್ನೆ ರಾತ್ರಿ ಶುರುವಾದದ್ದು ಇವತ್ತಿನ ಪಟ್ಟಿಯಲ್ಲೂ ಬರುತ್ತಿದೆ.

ರಾತ್ರಿ 10ಕ್ಕೆ ಚೌಕಿ ಪೂಜೆ ಮುಗಿಸಿ ಶುರುವಾದ ಆಟ ಬೆಳಗ್ಗೆ 6ಕ್ಕೆ ಮಂಗಳವಾಗುತ್ತದೆ. ನಾನು ಟೈಮ್‌ಮಿನ್‌ಗೆ ಇಂದಿನ 0 ಗಂಟೆ ಕೊಟ್ಟಿದ್ದೆ. ಪುಟದಲ್ಲಿ ಇಂದಿನ ಆಟ ಎಂದು ಎರಡು ಊರು ಬಂದವು. ಟೈಮ್‌ಮಿನ್ ಹೋಲಿಸುವುದು ಈವೆಂಟಿನ ಕೊನೆಯ ವೇಳೆಯನ್ನು, ಶುರುವಿನದನ್ನಲ್ಲ. ಎಂದಿನ ತನಕ ಬೇಕು ಎಂದು ಹೇಳುವ ಟೈಮ್‌ಮ್ಯಾಕ್ಸ್ ಹೋಲಿಸುವುದು ಶುರುವನ್ನು. ಬೆಳಗ್ಗೆ 6ಕ್ಕೆ ಮುಗಿಯುವ ನಿನ್ನೆಯ ಆಟ 0 ಗಂಟೆಯ ನಂತರವೂ ನಡೆಯುತ್ತಿತ್ತು, ಎಪಿಐ ಸರಿಯಾಗಿಯೇ ಹೇಳಿತು. ಬಂದ ಪಟ್ಟಿಯಲ್ಲಿ ಶುರುವಿನ ದಿನ ಇವತ್ತು ಇದೆಯೇ ಎಂದು ನೀವೇ ಸೋಸಬೇಕು. ಹಾಗೆಂದು ನಡೆಯುತ್ತಿರುವ ಆಟವನ್ನು ನಡುರಾತ್ರಿ ಪುಟದಿಂದ ಮರೆಮಾಡುವುದೂ ಸರಿಯಲ್ಲ. ರಾತ್ರಿ 1 ಗಂಟೆಗೆ ದಾರಿ ಹುಡುಕಿಕೊಂಡು ಬರುವವರಿರುತ್ತಾರೆ. ನಾನು ಬೆಳಗ್ಗೆ 6ರ ತನಕ 'ಈಗ ನಡೆಯುತ್ತಿದೆ' ಎಂದು ಬೇರೆ ಸಾಲಿನಲ್ಲಿ ತೋರಿಸುತ್ತೇನೆ.

ಪ್ರತಿ ವಾರ ನಡೆಯುವ ತರಗತಿ ಒಂದೇ ಸಲ ಕಾಣುತ್ತದೆ.

ಎಪಿಐ ಕೋರಿಕೆಯಲ್ಲಿ ಸಿಂಗಲ್ ಈವೆಂಟ್ಸ್ ಎಂಬುದಕ್ಕೆ ಟ್ರೂ ಕೊಡಿ, ಮರುಕಳಿಸುವುದನ್ನು ಬಿಡಿಬಿಡಿಯಾಗಿ ಹರಡಿಕೊಡುತ್ತದೆ. ಶುರುವಿನ ವೇಳೆಯಂತೆ ಜೋಡಿಸಿ ಕೊಡು ಎನ್ನಬೇಕಾದರೂ ಇದು ಬೇಕೇ ಬೇಕು. ಸುಮ್ಮನೆ ಕೇಳಿದರೆ ಒಂದು ಸಲಕ್ಕೆ 250 ಈವೆಂಟು, ಹೆಚ್ಚೆಂದರೆ 2500.

ನವೆಂಬರ್ 1ರ ರಾಜ್ಯೋತ್ಸವ ಅಮೆರಿಕದಲ್ಲಿರುವವರಿಗೆ ಅಕ್ಟೋಬರ್ 31 ಎಂದು ಕಾಣುತ್ತಿದೆ.

ಇದನ್ನು ಬೆಂಗಳೂರಿನಲ್ಲಿ ಕುಳಿತು ಕೋಡ್ ಬರೆದವರು ಎಂದೂ ಕಾಣಲಾರರು. ಇಡೀ ದಿನದ ಈವೆಂಟಿಗೆ ಎಪಿಐ ವೇಳೆ ಕೊಡುವುದಿಲ್ಲ, 2025-11-01 ಎಂಬಂತೆ ದಿನಾಂಕ ಮಾತ್ರ ಕೊಡುತ್ತದೆ. ಜಾವಾಸ್ಕ್ರಿಪ್ಟ್ ಅದನ್ನು ಯುಟಿಸಿ ಮಧ್ಯರಾತ್ರಿ ಎಂದು ಓದುತ್ತದೆ. ನಮಗೆ ಅದು ನವೆಂಬರ್ 1ರ ಬೆಳಗಿನ 5.30, ದಿನ ಸರಿಯಾಗಿಯೇ ಇರುತ್ತದೆ. ನ್ಯೂಜೆರ್ಸಿಯವರಿಗೆ ಅಕ್ಟೋಬರ್ 31ರ ರಾತ್ರಿ 8. ಸಂಘದವರು ಒಂದು ದಿನ ಮೊದಲೇ ಧ್ವಜ ಹಿಡಿದು ನಿಲ್ಲಬೇಕಾದೀತು. ಬರೀ ದಿನಾಂಕ ಬಂದಾಗ ಅದನ್ನು ಡೇಟ್ ವಸ್ತುವಾಗಿಸಬೇಡಿ. ಅಡ್ಡಗೆರೆಯಲ್ಲಿ ಒಡೆದು ವರ್ಷ, ತಿಂಗಳು, ದಿನ ಎಂದು ಬೇರೆ ಬೇರೆ ತೆಗೆದುಕೊಳ್ಳಿ. ಮುಗಿಯುವ ದಿನಾಂಕ ನವೆಂಬರ್ 2 ಎಂದಿರುತ್ತದೆ, ಅದೂ ತಪ್ಪಲ್ಲ, ಆ ದಿನ ಲೆಕ್ಕಕ್ಕಿಲ್ಲ ಎಂದು ತಿಳಿಯಬೇಕು.

ವೇಳೆಯಿರುವ ಈವೆಂಟಿಗಾದರೆ ತೋರಿಸುವಾಗ ಟೈಮ್‌ಜೋನನ್ನು ಏಷ್ಯಾ/ಕೋಲ್ಕತ್ತಾ ಎಂದು ಹೇಳಿ. ಇಲ್ಲದಿದ್ದರೆ ನೋಡುವವರ ಊರಿನ ವೇಳೆ ಬರುತ್ತದೆ.

ಐಸಿಎಸ್‌ನಿಂದ ಬಂದ ಕನ್ನಡ ಅಕ್ಷರಗಳ ನಡುವೆ ಪ್ರಶ್ನೆ ಚಿಹ್ನೆಯಿರುವ ಕಪ್ಪು ಚೌಕ ಬರುತ್ತಿದೆ, ಅದೂ ಉದ್ದ ಹೆಸರುಗಳಲ್ಲಿ ಮಾತ್ರ.

ಈ ಪ್ರಶ್ನೆಗೆ ಉತ್ತರ ನನಗೆ ಎಲ್ಲೂ ಸಿಗದೆ, ಫೈಲನ್ನು ಬೈಟ್ ಬೈಟಾಗಿ ನೋಡಿ ಕಂಡುಕೊಂಡೆ. ಇಂಗ್ಲಿಷಿನವರಿಗೆ ಈ ತೊಂದರೆ ಎದುರಾಗುವುದೇ ಇಲ್ಲ.

ಐಸಿಎಸ್‌ನ ನಿಯಮಗಳಿರುವುದು ಆರ್‌ಎಫ್‌ಸಿ 5545ರಲ್ಲಿ. ಅದರಂತೆ ಒಂದು ಸಾಲು 75 ಬೈಟ್ ಮೀರಬಾರದು. ಮೀರಿದರೆ ಸಾಲು ಮುರಿದು, ಮುಂದಿನ ಸಾಲನ್ನು ಒಂದು ಖಾಲಿ ಜಾಗದಿಂದ ಶುರುಮಾಡಬೇಕು. ಯುಟಿಎಫ್-8ರಲ್ಲಿ ಇಂಗ್ಲಿಷ್ ಅಕ್ಷರಕ್ಕೆ 1 ಬೈಟ್, ಕನ್ನಡದ ಪ್ರತಿ ಚಿಹ್ನೆಗೆ 3. 'ಯಕ್ಷಗಾನ' ಎಂಬ ನಾಲ್ಕು ಅಕ್ಷರದಲ್ಲಿ ಒತ್ತು, ದೀರ್ಘ ಎಲ್ಲ ಸೇರಿ 7 ಚಿಹ್ನೆ, ಅಂದರೆ 21 ಬೈಟ್. ಸಾಲಿನ ಮೊದಲಿಗೆ ಸಮ್ಮರಿ ಎಂಬ ಇಂಗ್ಲಿಷ್ ಪದ, ಅದರ ಮುಂದೆ ವಿವರಣ ಚಿಹ್ನೆ, ಒಟ್ಟು 8 ಬೈಟ್. ಉಳಿದದ್ದು 67. ಅದರಲ್ಲಿ 22 ಕನ್ನಡ ಚಿಹ್ನೆ ಹಿಡಿದು 1 ಬೈಟ್ ಮಿಗುತ್ತದೆ. ಎಚ್ಚರವಿಲ್ಲದೆ ಬರೆದ ತಂತ್ರಾಂಶ ಆ 1 ಬೈಟಿನಲ್ಲಿ 23ನೇ ಚಿಹ್ನೆಯ ಮೂರನೇ ಒಂದು ಪಾಲನ್ನು ತುರುಕಿ, ಉಳಿದ ಎರಡು ಪಾಲನ್ನು ಕೆಳಗಿನ ಸಾಲಿಗೆ ಹಾಕುತ್ತದೆ. ನೀವು ಫೆಚ್ ಮಾಡಿ ಟೆಕ್ಸ್ಟ್ ಎಂದು ಓದಿದ ಕ್ಷಣವೇ ತುಂಡಾದ ಚಿಹ್ನೆ ಕಪ್ಪು ಚೌಕವಾಗುತ್ತದೆ. ಆಮೇಲೆ ಸಾಲುಗಳನ್ನು ಕೂಡಿಸಿದರೂ ಅದು ಮರಳಿ ಬರುವುದಿಲ್ಲ.

ಅದಕ್ಕೆ ಅನುಕ್ರಮ ಬದಲಿಸಬೇಕು. ಉತ್ತರವನ್ನು ಅರೇಬಫರ್ ಆಗಿ ತೆಗೆದುಕೊಳ್ಳಿ. ಬೈಟುಗಳಲ್ಲಿ 13, 10, 32 ಒಂದರ ಹಿಂದೊಂದು ಬಂದಲ್ಲೆಲ್ಲ ಮೂರನ್ನೂ ಕಿತ್ತುಹಾಕಿ. ಕೆಲವರು ಖಾಲಿ ಜಾಗದ ಬದಲು ಟ್ಯಾಬ್ ಹಾಕುತ್ತಾರೆ, ಅದು 9. ಸಾಲು ಕೂಡಿದ ಮೇಲೆ ಟೆಕ್ಸ್ಟ್‌ಡಿಕೋಡರ್‌ಗೆ ಕೊಡಿ. 'ಕೃಷ್ಣಾರ್ಜುನ ಕಾಳಗ'ದ ಅರ್ಜುನ ಪೂರ್ತಿಯಾಗಿ ಬರುತ್ತಾನೆ. ಇಷ್ಟಾದ ಮೇಲೆ ಐಕ್ಯಾಲ್.ಜೆಎಸ್‌ನಂಥ ಲೈಬ್ರರಿಗೆ ಒಪ್ಪಿಸಬಹುದು.

ಒಮ್ಮೆ ಕಾಣುತ್ತದೆ, ಒಮ್ಮೆ ಕೋರ್ಸ್ ಎರರ್. ಒಂದೇ ಕೋಡ್.

ನಿಮ್ಮ ಪ್ರಾಕ್ಸಿ ಕೇಳಿದವರ ಒರಿಜಿನ್‌ನನ್ನೇ ಹೆಡರಿನಲ್ಲಿ ತಿರುಗಿ ಕಳಿಸುತ್ತಿರಬೇಕು. ಮಧ್ಯದ ಕ್ಯಾಶ್ ಒಬ್ಬರಿಗೆ ಕೊಟ್ಟ ಉತ್ತರವನ್ನು ಇನ್ನೊಂದು ತಾಣಕ್ಕೆ ಕೊಟ್ಟರೆ ಹೆಸರು ಹೊಂದುವುದಿಲ್ಲ. ವೇರಿ: ಒರಿಜಿನ್ ಎಂಬ ಹೆಡರನ್ನೂ ಸೇರಿಸಿ. ಸಾರ್ವಜನಿಕ ಮಾಹಿತಿಯಾದರೆ ಸುಮ್ಮನೆ ನಕ್ಷತ್ರ ಹಾಕಿ. ಆದರೆ ಕುಕಿ ಸಮೇತ ಕೇಳುವ ಕೋರಿಕೆಗೆ ಬ್ರೌಸರ್ ನಕ್ಷತ್ರವನ್ನು ಒಪ್ಪುವುದಿಲ್ಲ.

ಖಾಸಗಿ ಕ್ಯಾಲೆಂಡರನ್ನು ಸದಸ್ಯರಿಗೆ ಮಾತ್ರ ತೋರಿಸಬೇಕು.

ಆಗ ಕೀ ಸಾಲದು, ಓಆತ್ (ಬಳಸುವವರು ಲಾಗಿನ್ ಆಗಿ ಅನುಮತಿ ಕೊಡುವ ಕ್ರಮ) ಬೇಕು. ಪ್ರತಿ ಸದಸ್ಯರೂ ತಮ್ಮ ಖಾತೆಯಲ್ಲಿ ಒಪ್ಪಿಗೆ ಕೊಡಬೇಕು. ಗೂಗಲ್ ಕನ್ಸೋಲಿನಲ್ಲಿ ಅನುಮತಿ ಪಡೆದ ಜಾವಾಸ್ಕ್ರಿಪ್ಟ್ ಒರಿಜಿನ್ ಎಂಬಲ್ಲಿ ಒರಿಜಿನ್ ಮಾತ್ರ ಬರೆಯಿರಿ. ಕೊನೆಗೆ ಓರೆಗೆರೆಯಾಗಲಿ, ಪುಟದ ಹೆಸರಾಗಲಿ ಬೇಡ. ಹಳೆಯ ಜಿಎಪಿಐ ಆತ್2 ಉದಾಹರಣೆಗಳನ್ನು ನಕಲು ಮಾಡಬೇಡಿ, ಅದರ ಜಾಗಕ್ಕೆ ಗೂಗಲ್ ಐಡೆಂಟಿಟಿ ಸರ್ವಿಸಸ್ ಬಂದಿದೆ.

ಯಾರನ್ನಾದರೂ ಸಹಾಯ ಕೇಳುವಾಗ ಏನೇನು ಕಳಿಸಬೇಕು?

ಕನ್ಸೋಲಿನ ಕೆಂಪು ಸಾಲಿನ ಫೋಟೊ ಒಂದೇ ಸಾಲದು. ನೆಟ್‌ವರ್ಕ್ ಟ್ಯಾಬಿನಲ್ಲಿರುವ ಸ್ಟೇಟಸ್ ಸಂಖ್ಯೆ, ಕೋರಿಕೆಯ ಒರಿಜಿನ್, ಉತ್ತರದ ಹೆಡರ್‌ಗಳು, ರೆಸ್ಪಾನ್ಸ್‌ನ ಮೊದಲ ಕೆಲವು ಸಾಲು, ಇಷ್ಟನ್ನು ಅಕ್ಷರ ರೂಪದಲ್ಲಿ ಕಳಿಸಿ. ಪುಟವನ್ನು ಎಲ್ಲಿಂದ ತೆರೆದಿರಿ ಎಂಬುದೂ ಬೇಕು, ಫೈಲಿನಿಂದಲೋ, ಲೋಕಲ್‌ಹೋಸ್ಟಿನಿಂದಲೋ, ನಿಜವಾದ ಡೊಮೇನಿನಿಂದಲೋ. ಕಳಿಸುವ ಮೊದಲು ಎಪಿಐ ಕೀಯ ನಡುವಿನ ಅಕ್ಷರಗಳನ್ನು ಅಳಿಸಿ. ರಹಸ್ಯ ವಿಳಾಸವಿದ್ದರೆ ಪೂರ್ತಿ ಅಳಿಸಿ.